ಜಾಮೀನು ಸಿಕ್ಕಿದೆ, ಬಿಡುಗಡೆ ಸಿಕ್ಕಿಲ್ಲ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವಾರ್ಷಿಕ ಸಭೆ ಎಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶ, ವಿದ್ಯಾರ್ಥಿವೇತನ, ಹಾಸ್ಟೆಲಿನ ಹೊಸ ಕಟ್ಟಡ ಇಂಥ ಮಾತುಗಳನ್ನಾಡುವುದು ರೂಢಿ. ಅಂಥ ವೇದಿಕೆಯಲ್ಲಿ ಜೈಲು, ಜಾಮೀನು ಎಂದು ಶುರು ಮಾಡಿದರೆ ಕೆಲವರಿಗೆ ಇರುಸುಮುರುಸಾಗಬಹುದು. ಮರ್ಯಾದಸ್ಥರ ಮನೆಯಲ್ಲಿ ಆಡುವ ಮಾತಲ್ಲವೆಂದು ನಮ್ಮ ಹಿರಿಯರು ಈ ವಿಷಯವನ್ನು ದೂರವೇ ಇಟ್ಟಿದ್ದರು. ನಾವು ದೂರವಿಟ್ಟ ಮಾತ್ರಕ್ಕೆ ಅದು ದೂರ ಉಳಿಯುವುದಿಲ್ಲ. ಒಂದು ಬೀದಿ ಜಗಳ, ಒಂದು ಸುಳ್ಳು ದೂರು, ಇಲ್ಲವೇ ನಿಜವಾಗಿಯೇ ಮಾಡಿದ ಒಂದು ಸಣ್ಣ ತಪ್ಪು ಸಾಕು, ಪೊಲೀಸ್ ಜೀಪು ಮನೆಯ ಮುಂದೆ ನಿಲ್ಲುತ್ತದೆ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರ ಅಂತ್ಯಕ್ಕೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ಒಳಗಿರುವ ನಾಲ್ವರಲ್ಲಿ ಮೂವರನ್ನು ಯಾವ ನ್ಯಾಯಾಲಯವೂ ತಪ್ಪಿತಸ್ಥರೆಂದು ಹೇಳಿಲ್ಲ. ಈ ವಿಚಾರಣಾಧೀನರಲ್ಲಿ ದಲಿತರ, ಆದಿವಾಸಿಗಳ, ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಹೆಚ್ಚು. ಇದಕ್ಕೆ ಕಾರಣಗಳು ಹಲವು. ನಾನು ಇಂದು ಒಂದೇ ಕಾರಣವನ್ನು ಎತ್ತಿಕೊಳ್ಳುತ್ತೇನೆ. ಭಯೋತ್ಪಾದನೆ ತಡೆಯಂಥ ವಿಶೇಷ ಕಾಯ್ದೆಗಳಲ್ಲಿ ಜಾಮೀನು ದೊರೆಯುವುದೇ ಕಷ್ಟ. ಆ ಕಥೆ ಬೇರೆ, ಅದಕ್ಕೆ ಇನ್ನೊಂದು ಸಭೆಯೇ ಬೇಕು. ನಾನು ಹೇಳಹೊರಟಿರುವುದು ನ್ಯಾಯಾಧೀಶರು "ಬಿಡಬಹುದು" ಎಂದು ಆದೇಶ ಬರೆದ ಮೇಲೂ ಒಳಗೇ ಉಳಿಯುವವರ ವಿಷಯ.

ಜಾಮೀನು ಎಂಬ ಮಾತನ್ನೇ ನೋಡಿ. ಅದು ಅರಬಿಯ 'ಜಾಮಿನ್' ಎಂಬ ಪದ. ಪಾರಸಿಯ ಮೂಲಕ ನಮ್ಮ ಕಚೇರಿಯ ಕನ್ನಡಕ್ಕೆ ಬಂತು. ಮೂಲದಲ್ಲಿ ಅದರ ಅರ್ಥ ಹಣವಲ್ಲ, ಆಸ್ತಿಯಲ್ಲ. ಇನ್ನೊಬ್ಬನ ಹೊಣೆಯನ್ನು ಹೊತ್ತುಕೊಳ್ಳುವ ಮನುಷ್ಯ ಎಂದು ಅರ್ಥ. "ಇವನು ನನಗೆ ಗೊತ್ತು, ಕರೆದ ದಿನ ಬರುತ್ತಾನೆ, ಅದಕ್ಕೆ ನಾನು ಹೊಣೆ" ಎಂದು ಒಬ್ಬ ಎದ್ದು ನಿಂತರೆ ಅವನೇ ಜಾಮೀನು. ಕಾನೂನು ಕೇಳುವ ಪ್ರಶ್ನೆಯೂ ಮುಖ್ಯವಾಗಿ ಅದೇ: ಈ ಆರೋಪಿ ವಿಚಾರಣೆಗೆ ಬರುತ್ತಾನೋ ಇಲ್ಲವೋ, ಸಾಕ್ಷಿಗಳನ್ನು ಕೆಡಿಸುತ್ತಾನೋ ಇಲ್ಲವೋ. ಆದರೆ ಇಂದು ಕೋರ್ಟಿನ ಗುಮಾಸ್ತರ ಮೇಜಿನ ಮುಂದೆ ಆ ಮನುಷ್ಯನನ್ನು ಯಾರೂ ಕೇಳುವುದಿಲ್ಲ, ಅವನ ಪಹಣಿಯನ್ನು ಕೇಳುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ರಾಯಚೂರು ಕಡೆಯ ಒಬ್ಬ ಹುಡುಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಬಂದಿದ್ದಾನೆ. ಮೊಬೈಲ್ ಕಳವಿನ ಆರೋಪದ ಮೇಲೆ ಬಂಧನವಾಗಿದೆ. ಕೆಲವು ವಾರಗಳಲ್ಲಿ ಆದೇಶವೂ ಆಗುತ್ತದೆ: ಐವತ್ತು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಮನೆಯವರು ಊರಿನಿಂದ ಬಸ್ಸು ಹತ್ತಿ ಬರುತ್ತಾರೆ. ಊರಲ್ಲಿ ಎರಡು ಎಕರೆ ಹೊಲವಿದೆ, ನಿಜ. ಆದರೆ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಮಾಡಿಸಿಲ್ಲ. ಬೆಂಗಳೂರಿನಲ್ಲಿ ಅವನ ಪರಿಚಯದವರೆಲ್ಲ ಅವನಂತೆಯೇ ಶೆಡ್ಡಿನಲ್ಲಿರುವವರು. ಮನೆ ಕಂದಾಯದ ರಸೀದಿ ಎಲ್ಲಿಂದ ಬರಬೇಕು? ಪೇಟೆಯಲ್ಲಿರುವ ನಮ್ಮವರ ಪಾಡೂ ಇದಕ್ಕಿಂತ ಭಿನ್ನವಲ್ಲ. ಅಂಗಡಿ ಬಾಡಿಗೆಯದು, ಮನೆ ಭೋಗ್ಯದ್ದು, ಗಾಡಿ ಫೈನಾನ್ಸಿನದು. ದುಡಿಮೆಯಿದೆ, ಕಾಗದವಿಲ್ಲ.

ಆಗ ಕೋರ್ಟಿನ ಆವರಣದಲ್ಲೇ ಯಾರೋ ಒಬ್ಬ ಹತ್ತಿರ ಬಂದು ಕಿವಿಯಲ್ಲಿ ಹೇಳುತ್ತಾನೆ, "ಇಷ್ಟು ಕೊಡಿ, ಶ್ಯೂರಿಟಿ ನಾನು ಕೊಡಿಸುತ್ತೇನೆ." ಕಂಡರಿಯದವನಿಗೆ ದುಡ್ಡಿಗಾಗಿ ಹೊಣೆ ನಿಲ್ಲುವ ದಂಧೆ ಇದು. ನಕಲಿ ಪಹಣಿ, ನಕಲಿ ಆಧಾರ್ ತೋರಿಸಿ ಹೀಗೆ ನಿಂತವರನ್ನು ಬೆಂಗಳೂರು ಪೊಲೀಸರು ಎಷ್ಟೋ ಸಲ ಹಿಡಿದಿದ್ದಾರೆ. ಯಾರು ಓಡಿಹೋಗಬಾರದೆಂದು ಈ ಏರ್ಪಾಡು ಮಾಡಿದ್ದೋ, ಅವರು ಓಡಿಹೋದರೆ ಹುಡುಕಲು ಜಾಮೀನುದಾರನೇ ಇರುವುದಿಲ್ಲ. ವ್ಯವಸ್ಥೆಯ ಕಟ್ಟುನಿಟ್ಟು ಹೆಚ್ಚಿದಷ್ಟೂ ಈ ದಂಧೆಗೇ ಲಾಭ.

ಇದು ಹೊಸ ರೋಗವಲ್ಲ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸಗಾರನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅವನಿಗೆ ಜಾಮೀನು ಕೊಡಿ ಎಂದು ಸುಪ್ರೀಂ ಕೋರ್ಟೇ ಮೊದಲು ಹೇಳಿತ್ತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬ ಹೊಣೆ ನಿಲ್ಲಲು ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ನಿರಾಕರಿಸಿದರು. ಗಾರೆ ಕೆಲಸದವನಿಗೆ ಆ ಕಾಲದ ಹತ್ತು ಸಾವಿರ! ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಆ ತೀರ್ಪಿನಲ್ಲಿ ನಮ್ಮ ಹೆಸರೂ ಬರುತ್ತದೆ: ಒಬ್ಬ ಕನ್ನಡಿಗನನ್ನೋ ಮಲಯಾಳಿಯನ್ನೋ ಪೋರ್ಟ್ ಬ್ಲೇರಿನಲ್ಲೋ ಚಾಂದನಿ ಚೌಕದಲ್ಲೋ ಬಂಧಿಸಿದರೆ, ಅಲ್ಲಿಯದೇ ಜಾಮೀನುದಾರನನ್ನು ಅವನು ಎಲ್ಲಿಂದ ತರಬೇಕು ಎಂದು ಅವರು ಕೇಳಿದ್ದರು. ಕಾನೂನು ಓದುವ ವಿದ್ಯಾರ್ಥಿಗಳು ಈ ತೀರ್ಪನ್ನು ತಪ್ಪದೆ ಓದಬೇಕು. ಇಂಗ್ಲಿಷ್ ಸ್ವಲ್ಪ ಗಡುಸು, ತಾಳ್ಮೆಯಿಂದ ಓದಿ.

ಮರುವರ್ಷ, 1979ರಲ್ಲಿ, ಬಿಹಾರದ ಜೈಲುಗಳ ಸ್ಥಿತಿ ಬಯಲಿಗೆ ಬಂತು. ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ. ಎಫ್. ರುಸ್ತುಂಜಿ ಅವರು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದದ್ದನ್ನು ಓದಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆರೋಪ ಸಾಬೀತಾಗಿದ್ದರೂ ಅನುಭವಿಸಬೇಕಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಒಳಗಿದ್ದವರು ಅಲ್ಲಿದ್ದರು. ಕೈದಿಗಳಲ್ಲೊಬ್ಬರಾದ ಹುಸೈನಾರಾ ಖಾತೂನ್ ಎಂಬ ಮಹಿಳೆಯ ಹೆಸರಿನಿಂದಲೇ ಆ ಪ್ರಕರಣ ಇಂದಿಗೂ ಪ್ರಸಿದ್ಧ. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಶೀಘ್ರ ವಿಚಾರಣೆ ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಸೇರಿದ್ದೆಂದು ಸಾರಿದರು. ಜಾಮೀನಿಗೆ ಹಣವೇ ಅಳತೆಗೋಲಾಗಬೇಕಿಲ್ಲ ಎನ್ನಲು ಅವರು ನ್ಯೂಯಾರ್ಕಿನ ಮ್ಯಾನ್‌ಹಟನ್ ಪ್ರಯೋಗವನ್ನು ನೆನೆದರು.

ಆ ಪ್ರಯೋಗ ಮಾಡಿದವರು ವಿದ್ಯಾರ್ಥಿಗಳು, ಆದ್ದರಿಂದ ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. 1961ರಲ್ಲಿ ವೆರಾ ಎಂಬ ಸಂಸ್ಥೆ ಕಾನೂನು ಕಾಲೇಜಿನ ವಿದ್ಯಾರ್ಥಿಗಳನ್ನು ಬಂಧಿತರ ಬಳಿಗೆ ಕಳಿಸಿತು. ಎಷ್ಟು ವರ್ಷದಿಂದ ಈ ಊರಲ್ಲಿದ್ದೀರಿ, ಯಾರ ಜೊತೆ ವಾಸ, ಕೆಲಸ ಎಲ್ಲಿ, ಹಿಂದೆ ಮೊಕದ್ದಮೆ ಇತ್ತೇ ಎಂದು ಕೇಳಿ, ವಿಚಾರಿಸಿ, ಬೇರು ಗಟ್ಟಿಯಿದ್ದವರನ್ನು ಹಣವಿಲ್ಲದೆ ಬಿಡಬಹುದೆಂದು ಅವರು ಶಿಫಾರಸು ಮಾಡಿದರು. ಬಿಟ್ಟವರಲ್ಲಿ ಬಹುತೇಕರು ಹೇಳಿದ ದಿನ ಬಂದರು. 1966ರ ಅಮೆರಿಕದ ಜಾಮೀನು ಸುಧಾರಣಾ ಕಾಯ್ದೆಗೆ ಇದೇ ಪ್ರೇರಣೆ.

ಆದರೂ ಅಮೆರಿಕದಲ್ಲಿ ನಗದು ಜಾಮೀನು ಹೋಗಲಿಲ್ಲ. 2010ರಲ್ಲಿ ಕಲೀಫ್ ಬ್ರೌಡರ್ ಎಂಬ 16ರ ಹುಡುಗನನ್ನು ಚೀಲ ಕದ್ದ ಆರೋಪದ ಮೇಲೆ ನ್ಯೂಯಾರ್ಕಿನಲ್ಲಿ ಹಿಡಿದರು. 3,000 ಡಾಲರ್ ಹೊಂದಿಸಲು ಮನೆಯವರಿಗಾಗಲಿಲ್ಲ. ವಿಚಾರಣೆಯೇ ನಡೆಯದೆ ಸುಮಾರು ಮೂರು ವರ್ಷ ರೈಕರ್ಸ್ ಜೈಲಿನಲ್ಲಿದ್ದ. 2013ರಲ್ಲಿ ಆರೋಪ ಕೈಬಿಟ್ಟರು. 2015ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅನಂತರ ಕಾನೂನುಗಳು ಬದಲಾಗತೊಡಗಿದವು. ನ್ಯೂಜೆರ್ಸಿ 2017ರಿಂದ ನಗದು ಜಾಮೀನನ್ನು ಬಹುಪಾಲು ಬಿಟ್ಟಿತು. 2023ರ ಸೆಪ್ಟೆಂಬರಿನಲ್ಲಿ ಇಲಿನಾಯ್ ರಾಜ್ಯ ಪೂರ್ತಿ ರದ್ದುಮಾಡಿತು. ನ್ಯೂಯಾರ್ಕ್ 2020ರಲ್ಲಿ ಸಡಿಲಿಸಿ, ಅಪರಾಧ ಹೆಚ್ಚುತ್ತದೆಂಬ ಕೂಗಿಗೆ ಮಣಿದು ಮತ್ತೆ ಮತ್ತೆ ಬಿಗಿ ಮಾಡಿತು. 2025ರ ಆಗಸ್ಟಿನಲ್ಲಿ ಅಧ್ಯಕ್ಷ ಟ್ರಂಪ್ ಇಂಥ ಸುಧಾರಣೆ ಮಾಡಿದ ಪ್ರದೇಶಗಳ ಕೇಂದ್ರ ಅನುದಾನಕ್ಕೇ ಕೈಹಾಕುವ ಆದೇಶ ಹೊರಡಿಸಿದರು.

ವಿರೋಧಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಹೊಡೆತ ತಿಂದ ಹೆಂಗಸಿಗೆ, ಮನೆ ಕಳವಾದ ಮುದುಕನಿಗೆ, ಆರೋಪಿ ಮರುವಾರ ಬೀದಿಯಲ್ಲಿ ಎದುರಾದರೆ ಎದೆ ಧಸಕ್ಕೆನ್ನುತ್ತದೆ. ಆ ಭಯ ನಿಜ. ಆದರೆ ಹಣದ ಜಾಮೀನು ಆ ಭಯಕ್ಕೆ ಔಷಧವೇ? ಬೆದರಿಸುವ ಶಕ್ತಿಯುಳ್ಳವನ ಬಳಿ ಸಾಮಾನ್ಯವಾಗಿ ಹಣವೂ ಇರುತ್ತದೆ, ಅವನು ಅದೇ ಸಂಜೆ ಹೊರಬರುತ್ತಾನೆ. ಅಪಾಯಕಾರಿ ಎನಿಸಿದವನನ್ನು ಕಾರಣ ಬರೆದು ಒಳಗಿಡಲು ನ್ಯಾಯಾಧೀಶರಿಗೆ ಅಧಿಕಾರವಿದೆ. ನ್ಯೂಜೆರ್ಸಿ ಮಾಡಿದ್ದೂ ಅದನ್ನೇ: ಬಿಡುವುದಾದರೆ ಹಣವಿಲ್ಲದೆ ಬಿಡು, ಇಡುವುದಾದರೆ ಕಾರಣ ಹೇಳಿ ಇಡು. ಅಲ್ಲಿನ ನ್ಯಾಯಾಂಗದ ವರದಿಗಳ ಪ್ರಕಾರ ವಿಚಾರಣಾಧೀನರ ಸಂಖ್ಯೆ ಬಹಳ ಇಳಿಯಿತು, ಕೋರ್ಟಿಗೆ ಹಾಜರಾಗುವವರ ಪ್ರಮಾಣ ಕುಸಿದುಬೀಳಲಿಲ್ಲ. ಆ ಲೆಕ್ಕವನ್ನು ಕಂಪ್ಯೂಟರ್ ಅಂಕಗಳಿಗೆ ಒಪ್ಪಿಸುವುದರಲ್ಲಿ ಹೊಸ ತಾರತಮ್ಯ ನುಸುಳಬಹುದೆಂಬ ಟೀಕೆಯೂ ಇದೆ. ಟೀಕೆ ಸರಿಯೆಂದೇ ನನ್ನ ಭಾವನೆ.

ಇನ್ನು ನಮ್ಮ ಕಾನೂನಿಗೆ ಬರೋಣ. ಕಾಗದದಲ್ಲಿ ನಾವೇನೂ ಹಿಂದಿಲ್ಲ. ಜಾಮೀನು ಕೊಡಲೇಬೇಕಾದ ಅಪರಾಧಗಳಲ್ಲಿ, ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರನನ್ನು ತರಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂಬ ನಿಯಮ 2005ರ ತಿದ್ದುಪಡಿಯಿಂದ ಬಂದಿದೆ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಯಲ್ಲೇ ಕಳೆದವರನ್ನು ಬಿಡಬೇಕೆಂಬುದೂ ಆಗಲೇ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರಿಗೆ ಇದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಅರ್ಜಿ ಹಾಕುವ ಹೊಣೆ ಜೈಲು ಸೂಪರಿಂಟೆಂಡೆಂಟರದೇ. ಆದರೆ ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಆರೋಪಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಮೊಕದ್ದಮೆ ಬಾಕಿಯಿದ್ದರೂ ಸಿಗದು. ಹಳೆಯ ಪ್ರಕರಣಗಳಿಗೂ ಈ ಕಲಂ ಸಲ್ಲುತ್ತದೆಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರತ್ಯೇಕ ಜಾಮೀನು ಕಾಯ್ದೆಯನ್ನೇ ಮಾಡುವ ಬಗ್ಗೆ ಯೋಚಿಸಿ ಎಂದು ಅದೇ ಕೋರ್ಟು 2022ರಲ್ಲಿ ಕೇಂದ್ರಕ್ಕೆ ಸೂಚಿಸಿತ್ತು.

2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬರೆದ ಭಾಷಣವನ್ನು ಬದಿಗಿಟ್ಟು ಜೈಲಿನಲ್ಲಿರುವ ಬಡವರ ಬಗ್ಗೆ ಮಾತನಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಎರಡು ತಿಂಗಳ ನಂತರ, 2023ರ ಜನವರಿ 31ರಂದು, ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನು ಕೊಟ್ಟಿತು. ಜಾಮೀನು ಆದೇಶವಾಗಿ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತನ್ನು ಸಡಿಲಿಸಬಹುದು. ಸ್ಥಳೀಯರೇ ಜಾಮೀನಾಗಬೇಕೆಂಬ ಹಟ ಬೇಡ. ಹಣವೇ ತೊಡಕಾದರೆ ನೆರವಾಗಲು ಕೇಂದ್ರದ ಯೋಜನೆಯೂ ಇದೆ. 2023ರ ಮಾರ್ಗಸೂಚಿಯಲ್ಲಿ ಒಂದು ಪ್ರಕರಣಕ್ಕೆ 40,000 ರೂಪಾಯಿಯವರೆಗೆ ಎಂದಿತ್ತು.

ಇಷ್ಟೆಲ್ಲ ಇದ್ದೂ ಆ ರಾಯಚೂರಿನ ಹುಡುಗ ಏಕೆ ಒಳಗಿರುತ್ತಾನೆ? ಕೇಳುವವರಿಲ್ಲದ್ದರಿಂದ. ಏಳನೆಯ ದಿನವನ್ನು ಲೆಕ್ಕ ಹಾಕುವವರಿಲ್ಲದ್ದರಿಂದ. ವಿದ್ಯಾರ್ಥಿ ಮಿತ್ರರೇ, ಇದು ನಿಮ್ಮಿಂದ ಆಗುವ ಕೆಲಸ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಸಹಾಯವಾಣಿ 15100. ಮನೆಯವರಿಗೆ ಒಂದು ಅರ್ಜಿ ಬರೆದುಕೊಡುವುದು, ಪ್ರಾಧಿಕಾರದ ಕಚೇರಿಗೆ ಕರೆದುಕೊಂಡು ಹೋಗುವುದು, ಊರಿನ ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆಯ ಅರ್ಜಿ ಹಾಕಿಸುವುದು: ಇದಕ್ಕೆ ಎಲ್‌ಎಲ್‌ಬಿ ಬೇಕಿಲ್ಲ.

ಹಿರಿಯರಲ್ಲಿ ನನ್ನ ಬೇಡಿಕೆ ಬೇರೆ. ಪಹಣಿ, ಕಂದಾಯದ ರಸೀದಿ ಇರುವವರು ಈ ಸಭೆಯಲ್ಲಿ ಬಹಳಷ್ಟಿದ್ದೀರಿ. ಹೊಣೆ ನಿಲ್ಲಿ ಎಂದರೆ "ಕೋರ್ಟು ಕಚೇರಿ ನಮಗೆ ಬೇಡಪ್ಪ" ಎನ್ನುತ್ತೀರಿ. ಭಯ ಏನೆಂದು ಬಿಡಿಸಿ ನೋಡೋಣ. ಜಾಮೀನು ನಿಂತವನು ಇನ್ನೊಬ್ಬನ ಅಪರಾಧಕ್ಕೆ ಶಿಕ್ಷೆ ಅನುಭವಿಸುವುದಿಲ್ಲ. ಆರೋಪಿ ತಪ್ಪಿಸಿಕೊಂಡರೆ ಮೊದಲು ನೋಟಿಸ್ ಬರುತ್ತದೆ, ಕಾರಣ ಹೇಳಲು ಅವಕಾಶವಿದೆ, ಮೊತ್ತದಲ್ಲಿ ಸ್ವಲ್ಪ ಬಿಟ್ಟುಕೊಡುವ ಅಧಿಕಾರವೂ ಕೋರ್ಟಿಗಿದೆ. ಕಟ್ಟಲೂ ಇಲ್ಲ, ವಸೂಲಿಯೂ ಆಗಲಿಲ್ಲ ಎಂದಾದಾಗ ಆರು ತಿಂಗಳವರೆಗೆ ಸಿವಿಲ್ ಬಂಧನದ ಸಾಧ್ಯತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಗೊತ್ತಿರುವವರಿಗೆ ಮಾತ್ರ ನಿಲ್ಲಿ. ನಂಬಿಕೆ ಹೋದರೆ ಅರ್ಜಿ ಕೊಟ್ಟು ಹೊಣೆಯಿಂದ ಹೊರಬರಬಹುದು.

ಸಂಘದಲ್ಲಿ ಇಂಥವರ ಒಂದು ಪಟ್ಟಿ ಇರಲಿ ಎಂಬುದು ನನ್ನ ಸಲಹೆ. ಧೈರ್ಯವಂತರಾದ ಒಬ್ಬಿಬ್ಬರ ಮೇಲೆ ಹೇರಿದರೆ ನಡೆಯದು. ತಾನು ಈಗಾಗಲೇ ಎಷ್ಟು ಜನರಿಗೆ ಜಾಮೀನಾಗಿದ್ದೇನೆಂದು ಪ್ರತಿ ಜಾಮೀನುದಾರನೂ ಕೋರ್ಟಿನಲ್ಲಿ ಘೋಷಿಸಲೇಬೇಕು. ಸಂಖ್ಯೆ ಹೆಚ್ಚಾದರೆ ಅನುಮಾನ ಬರುತ್ತದೆ, ಬರಬೇಕಾದದ್ದೇ. ಹಾಗಾಗಿ ಬಡಾವಣೆಗೆ ಇಬ್ಬರಂತೆ, ಮೂವತ್ತು ಹೆಸರಾದರೂ ಬೇಕು. ಪಹಣಿ ಅಥವಾ ಕಂದಾಯದ ರಸೀದಿ, ಆಧಾರ್ ಪ್ರತಿ, ಎರಡು ಫೋಟೋ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬಹುದು.