ಮೊದಲ ರೈಫಲ್ ಯಾವುದು? ಅಮ್ಮನ ಚೀಟಿ ದುಡ್ಡಲ್ಲಿ ನಾನು ಕಲಿತ ಪಾಠ



ಹೋದ ತಿಂಗಳು ಹಾವೇರಿ ಕಡೆಯ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದ. ವಯಸ್ಸು ಹತ್ತೊಂಬತ್ತು. "ಅಣ್ಣಾರ, ನನಗ ಲಾಂಗ್ ರೇಂಜ್ ಶೂಟಿಂಗ್ ಮಾಡೂದೈತ್ರಿ. ಕಾಂಪಿಟೇಶನ್‌ಗೆ ಹೋಗೂದೈತಿ. ನಮ್ಮಪ್ಪಾರು ಮನ್ಯಾಗಿನ ಬಂಗಾರ ಅಡ ಇಟ್ಟು ರೊಕ್ಕ ಕೊಡ್ತೀನಿ ಅಂದಾರ. ಮೊದಲ್ನೇ ರೈಫಲ್ ಯಾವ್ದು ತಗೊಳ್ಳಲ್ರಿ?"

ಉತ್ತರ ಕೊಡೋಣ ಅಂತ ಒಂದು ಬ್ರ್ಯಾಂಡ್ ಹೆಸರು ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ಯಾಕಂದ್ರೆ ನಾಲ್ಕು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿದ್ದೆ, ನನಗೆ ಸಿಕ್ಕಿದ್ದೂ ಒಂದು ಬ್ರ್ಯಾಂಡ್ ಹೆಸರೇ. ಅದಕ್ಕೆ ನಾನು ತೆತ್ತಿದ್ದೆಷ್ಟು ಅಂತ ಇವತ್ತು ಲೆಕ್ಕ ಸಮೇತ ಹೇಳ್ತೀನಿ. ಬಿ.ಕಾಂ. ಓದಿದೋನು, ನಷ್ಟದ ಲೆಕ್ಕ ಮುಚ್ಚಿಡೋ ಹಾಗಿಲ್ಲ.

ಸಾವಿರ ಗಜದ ಕನಸು

ನನಗೆ ಈ ಹುಚ್ಚು ಹಿಡಿದಿದ್ದು ಫೋನಲ್ಲೇ. ರಾತ್ರಿ ಹನ್ನೊಂದು ಗಂಟೆಗೆ ಒಂದು ವಿಡಿಯೋ ಬಂತು. ಇಂಗ್ಲೆಂಡಿನ ಬಿಸ್ಲಿ ಅನ್ನೋ ಜಾಗ. 1890ರಿಂದ ಅಲ್ಲಿ ದೊಡ್ಡ ರೈಫಲ್ ಕೂಟ ನಡೀತಾ ಬಂದಿದೆ. ಹುಲ್ಲಿನ ಮೇಲೆ ಬೋರಲು ಮಲಗಿ 1000 ಗಜ ದೂರದ ಟಾರ್ಗೆಟ್‌ಗೆ ಹೊಡೀತಾರೆ. ಅಂದ್ರೆ 914 ಮೀಟರ್. ಗುಂಡು ಅಲ್ಲಿಗೆ ತಲುಪೋಕೆ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಹೊರಟ ನೇರಕ್ಕಿಂತ ಹತ್ತು ಮೀಟರ್ ಆಸುಪಾಸು ಕೆಳಗೆ ಇಳಿದಿರುತ್ತೆ, ಮೂರು ಅಂತಸ್ತಿನ ಮನೆಯಷ್ಟು. ಗಾಳಿ ಬೇರೆ ಪಕ್ಕಕ್ಕೆ ತಳ್ಳುತ್ತೆ. ಸಾಲಾಗಿ ನಿಲ್ಲಿಸಿರೋ ಬಾವುಟ ನೋಡಿ, ಗಾಳಿ ಅಂದಾಜು ಮಾಡಿ, ಸೈಟ್ ತಿರುಗಿಸಿ ಆಮೇಲೆ ಟ್ರಿಗರ್ ಒತ್ತುತ್ತಾರೆ. ನಾನು ಬೆಳಗಿನ ಜಾವ ಎರಡು ಗಂಟೆವರೆಗೂ ನೋಡ್ತಾನೇ ಇದ್ದೆ.

ಆದ್ರೆ ಅಂಥ ರೈಫಲ್ ನಮ್ಮಲ್ಲಿ ಅಂಗಡಿಗೆ ಹೋಗಿ ತಗೊಂಡು ಬರೋ ವಸ್ತು ಅಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಅದಕ್ಕೆ ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. 50 ಮೀಟರ್ ಸ್ಪರ್ಧೆಯ ಪಾಯಿಂಟ್ ಟೂ ಟೂ ರೈಫಲ್ ಕೂಡ ಲೈಸೆನ್ಸ್ ಬೇಕಾದ್ದೇ. ಕ್ರೀಡಾಪಟುಗಳಿಗೆ ಅಂತ ಬೇರೆ ನಿಯಮಗಳಿವೆ. ಆದ್ರೆ ಅಲ್ಲಿಗೆ ಹೋಗೋ ಮೊದಲು ನೀವು ಶೂಟರ್ ಅಂತ ರೇಂಜಲ್ಲಿ ತೋರಿಸ್ಬೇಕು.

ಹಾಗಾದ್ರೆ ಶುರು ಎಲ್ಲಿಂದ? 10 ಮೀಟರ್ ಏರ್ ರೈಫಲ್‌ನಿಂದ. ನಳಿಕೆಯ ಅಳತೆ 4.5 ಮಿಲಿಮೀಟರ್, ಶಕ್ತಿ 20 ಜೌಲ್‌ಗಿಂತ ಕಡಿಮೆ ಇದ್ರೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್ ಆ ಮಿತಿಯೊಳಗೇ ಇರುತ್ತೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದರಲ್ಲೇ. 2012ರಲ್ಲಿ ಗಗನ್ ನಾರಂಗ್ ಕಂಚು ಗೆದ್ದಿದ್ದೂ ಇದರಲ್ಲೇ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಬೆಳ್ಳಿ ತಂದಿದ್ದೂ ಇದೇ 10 ಮೀಟರಲ್ಲಿ. ಬೆಳಗಾವಿ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದಿದ್ದು 50 ಮೀಟರಲ್ಲಿ, ಮಂಡಿಯೂರಿ, ಮಲಗಿ, ನಿಂತು ಹೊಡೆಯೋ ಸ್ಪರ್ಧೆಯಲ್ಲಿ.

ಹತ್ತು ಮೀಟರ್ ಅಂತ ನಗಬೇಡಿ

ನಾನು ನಕ್ಕಿದ್ದೆ. ತಿಪಟೂರಲ್ಲಿ ನಮ್ಮನೆ ಪಡಸಾಲೆಯಿಂದ ಹಿತ್ತಲ ಬಾಗಿಲಿಗೆ ಇರೋ ದೂರ ಅದು. ಇದೇನು ಲಾಂಗ್ ರೇಂಜು?

ಲೆಕ್ಕ ಕೇಳಿ. ಟಾರ್ಗೆಟ್ ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆಲೆಟ್‌ನ ಅಂಚು ಅದನ್ನ ಮುಟ್ಟಿದ್ರೂ ಹತ್ತು ಸಿಗುತ್ತೆ, ಅಂದ್ರೆ ನಿಮ್ಮ ಹೊಡೆತ ನಡುವಿನಿಂದ ಎರಡೂವರೆ ಮಿಲಿಮೀಟರ್ ಒಳಗೆ ಇರಬೇಕು. ಅದೇ ತಪ್ಪನ್ನ ಅದೇ ಕೋನದಲ್ಲಿ 1000 ಮೀಟರ್‌ಗೆ ಎಳೀರಿ: 25 ಸೆಂಟಿಮೀಟರ್ ಆಗುತ್ತೆ. ಅಂದ್ರೆ ಹತ್ತು ಮೀಟರಲ್ಲಿ ಹತ್ತು ಹೊಡೆಯೋದು, ಒಂದು ಕಿಲೋಮೀಟರ್ ಆಚೆ ಅರ್ಧ ಮೀಟರ್ ಅಗಲದ ವೃತ್ತದೊಳಗೆ ಹೊಡೆದಷ್ಟೇ ನಿಖರ. ಅದೂ ಎಲ್ಲೂ ಒರಗದೆ, ನಿಂತ್ಕೊಂಡು. ಗಾಳಿ ಓದೋ ವಿದ್ಯೆ ಆಮೇಲೆ ಬರುತ್ತೆ. ಕೈ, ಉಸಿರು, ಬೆರಳು ಇಲ್ಲೇ ಪಳಗಬೇಕು.

ರೇಂಜಲ್ಲಿ ನನಗೊಬ್ಬ ಕೊಡಗಿನ ಗೆಳೆಯ ಇದ್ದಾನೆ. ಅವರಲ್ಲಿ ಕೋವಿ ಮನೆಯ ದೇವರ ಹಾಗೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿಯೂ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು ಅವನು. ಏರ್ ರೈಫಲ್ ಹಿಡಿದ ಮೊದಲ ದಿನ ಬೆವರು ಒರೆಸ್ಕೊಂಡು ಹೇಳಿದ: "ಮಾರಾಯ, ತೆಂಗಿನಕಾಯಿಗೆ ಒಂದು ಗುಂಡು ಸಾಕು. ಇಲ್ಲಿ ಅದನ್ನೇ ಅರವತ್ತು ಸಲ ಮಾಡ್ಬೇಕಲ್ಲ." ನಿಜ. ಅರ್ಹತಾ ಸುತ್ತಲ್ಲಿ 60 ಹೊಡೆತ, ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ರೆ 75 ನಿಮಿಷ. ಆಟ ಇರೋದೇ ಆ ಅರವತ್ತರಲ್ಲಿ.

ನಾನು ಮಾಡಿದ ತಪ್ಪು

ಬೆಂಗಳೂರಲ್ಲಿ ನಾನು ಹೋಗ್ತಿದ್ದ ರೇಂಜಲ್ಲಿ ಕೋಚ್ ಮೇಡಂ ಮೊದಲ ದಿನಾನೇ ಹೇಳಿದ್ರು: "ಮೂರು ತಿಂಗಳು ಇಲ್ಲಿನ ರೈಫಲಲ್ಲೇ ಹೊಡಿ. ಆಮೇಲೆ ಮಾತಾಡೋಣ." ನನಗೆ ಮೂರು ವಾರವೂ ತಾಳ್ಮೆ ಇರಲಿಲ್ಲ. ರೇಂಜ್ ರೈಫಲ್‌ಗೆ ಸರದಿ ಕಾಯ್ಬೇಕು, ಬೇರೆಯವರು ಸೈಟ್ ತಿರುಗಿಸಿಟ್ಟಿರ್ತಾರೆ. ಸ್ವಂತದ್ದು ಇದ್ರೆ ಸ್ಕೋರ್ ತಾನಾಗೇ ಏರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ.

ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಜರ್ಮನ್ ರೈಫಲ್ ಇತ್ತು. 1,40,000 ರೂಪಾಯಿ. ನನ್ನ ಹತ್ರ ಇದ್ದಿದ್ದು 70,000. ಅಮ್ಮ ಆಗಷ್ಟೇ ಚೀಟಿ ಎತ್ತಿದ್ರು, ಅಡುಗೆಮನೆ ಸೂರು ಸೋರ್ತಿತ್ತು, ಅದನ್ನ ಮಾಡಿಸೋಕೆ. "ಆಫೀಸಿಗೆ ಲ್ಯಾಪ್‌ಟಾಪ್ ಬೇಕು, ಆರು ತಿಂಗಳಲ್ಲಿ ಕೊಡ್ತೀನಿ" ಅಂದೆ. ಅಮ್ಮ ಒಂದು ಮಾತೂ ಕೇಳದೆ 70,000 ಕೊಟ್ರು.

ರೈಫಲ್ ಬಂತು. ನೋಡೋಕೆ ತುಂಬಾ ಚೆನ್ನಾಗಿತ್ತು. ಹತ್ತು ದಿನದಲ್ಲಿ ಕುತ್ತಿಗೆ ನೋವು ಶುರುವಾಯ್ತು. ನನ್ನ ತೋಳಿಗೆ ಸ್ಟಾಕ್ ಉದ್ದ, ಹಳೇ ಮಾಡೆಲ್ ಆದ್ರಿಂದ ಅದಕ್ಕಿಂತ ಗಿಡ್ಡ ಮಾಡೋಕೆ ಆಗಲ್ಲ. ಸ್ಕೋರ್ ಏರಲಿಲ್ಲ. ಒಂದು ದಿನ ಮೇಡಂ ನನ್ನ ಕಣ್ಣು ಟೆಸ್ಟ್ ಮಾಡಿದ್ರು. ನಾನು ಬಲಗೈಯವನು, ಆದ್ರೆ ನನ್ನದು ಎಡಗಣ್ಣಿನ ದೃಷ್ಟಿ. ನಾನು ತಗೊಂಡಿದ್ದು ಬಲಗೈ ರೈಫಲ್. ಎಡಕ್ಕೆ ಬದಲಾಯಿಸೋಕೆ ಹಿಡಿಕೆಯೇ ಉಲ್ಟಾ. ಕೊನೆಗೆ ಸಿಲಿಂಡರ್ ಮೇಲಿನ ತಾರೀಖು ತೋರಿಸಿದ್ರು. ಏಳು ತಿಂಗಳಲ್ಲಿ ಅವಧಿ ಮುಗಿಯೋದಿತ್ತು.

78,000ಕ್ಕೆ ಮಾರಿದೆ. ನಷ್ಟ 62,000.

ಆ ಮಳೆಗಾಲ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಒಲೆ ಪಕ್ಕ ಎರಡು ಪಾತ್ರೆ ಇಟ್ಟಿದ್ರು, ಸೋರೋ ನೀರು ಹಿಡಿಯೋಕೆ. ಟಪ್ ಟಪ್ ಅಂತ ಸದ್ದು. ಊಟ ಗಂಟಲಲ್ಲಿ ಇಳೀಲಿಲ್ಲ. ಎಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ದು ಒಂದೇ: "ಅದ್ರಲ್ಲಿ ಎಷ್ಟು ದಿನ ಹೊಡ್ದೆ?" ನಲವತ್ತು ದಿನ ಅಂದೆ. "ಆಟ ಬಿಡ್ಬೇಡ. ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ಟು. ಸುಳ್ಳು ಹೇಳಿದ್ದು ಮಾತ್ರ ನಂಗೆ ಹಿಡಿಸ್ಲಿಲ್ಲ" ಅಂದ್ರು. ತಿಂಗಳಿಗೆ 5,000ದ ಹಾಗೆ ಹದಿನಾಲ್ಕು ತಿಂಗಳು ಕಟ್ಟಿದೆ.

ಕೊಳ್ಳೋದಾದ್ರೆ ಏನು ನೋಡ್ಬೇಕು

ಒಂದು, ಕಣ್ಣು. ಎರಡೂ ಕೈ ಮುಂದೆ ಚಾಚಿ, ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಕಿಂಡಿಯಿಂದ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯ ಆಗುತ್ತೋ ಅದೇ ನಿಮ್ಮ ಮುಖ್ಯ ಕಣ್ಣು. ಕೈ ಒಂದು, ಕಣ್ಣು ಒಂದು ಆದ್ರೆ ಗಾಬರಿ ಬೇಡ. ಬೇಡದ ಕಣ್ಣಿಗೆ ಅಡ್ಡ ಹಿಡಿಯೋ ಬ್ಲೈಂಡರ್ ಪಟ್ಟಿಗೆ ನಿಯಮದಲ್ಲೇ ಅವಕಾಶ ಇದೆ, ಅದರಲ್ಲೇ ಚೆನ್ನಾಗಿ ಹೊಡೆಯೋರು ಇದ್ದಾರೆ. ನನಗೆ ಎಡಗೈಯೇ ಒಗ್ಗಿತು. ನಿಮಗೆ ಯಾವುದು ಅನ್ನೋದನ್ನ ದುಡ್ಡು ಕೊಡೋ ಮೊದಲು ಕೋಚ್ ಜೊತೆ ತೀರ್ಮಾನಿಸಿ.

ಎರಡು, ಮೈಗೆ ಹೊಂದಾಣಿಕೆ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ತನ್ನಿ, ಕೆನ್ನೆ ಇಡಿ, ಕಣ್ಣು ತೆರೀರಿ. ಕುತ್ತಿಗೆ ಬಗ್ಗಿಸದೆ ಹಿಂದಿನ ಸೈಟ್‌ನ ರಂಧ್ರದಿಂದ ನೇರ ಕಾಣಬೇಕು. ಕಾಣದಿದ್ರೆ ಸ್ಟಾಕ್ ಉದ್ದ, ಕೆನ್ನೆ ಪಟ್ಟಿ, ಭುಜದ ಪಟ್ಟಿ ಹೊಂದಿಸಬಹುದಾ ನೋಡಿ. ಎಷ್ಟು ಹೊಂದಿಸಬಹುದೋ ಅಷ್ಟು ಒಳ್ಳೇದು. ಬೆಳೆಯೋ ವಯಸ್ಸಿನವರಿಗಂತೂ ಇದು ಬೇಕೇ ಬೇಕು. ತೂಕದ ಮಿತಿ 5.5 ಕೆ.ಜಿ. ಆದ್ರೆ ಆ ಮಿತಿಯಲ್ಲಿ ನಿಮ್ಮ ಬೆನ್ನು ಅರವತ್ತು ಹೊಡೆತ ತಡೆಯುತ್ತಾ ಅನ್ನೋದು ಬೇರೆ ಮಾತು.

ಮೂರು, ಸಿಲಿಂಡರ್. ಕಾರ್ ಟೈರಲ್ಲಿ ಎರಡು ಬಾರ್ ಚಿಲ್ಲರೆ ಗಾಳಿ ಇದ್ರೆ ಇದರಲ್ಲಿ 200 ಬಾರ್ ಇರುತ್ತೆ. ಅದಕ್ಕೆ ಆಯಸ್ಸು ಇದೆ, ಗರಿಷ್ಠ ಹತ್ತು ವರ್ಷ. ಅವಧಿ ಮೀರಿದ ಸಿಲಿಂಡರ್ ತಗೊಂಡು ಸ್ಪರ್ಧೆಗೆ ಹೋಗೋ ಹಾಗಿಲ್ಲ, ಅದು ಶೂಟರ್‌ನ ಜವಾಬ್ದಾರಿ. ಸೆಕೆಂಡ್ ಹ್ಯಾಂಡ್ ಆದ್ರೆ ಮೊದಲು ತಾರೀಖು ಓದಿ, ಆಮೇಲೆ ಬೆಲೆ ಕೇಳಿ. ಹೊಸ ಸಿಲಿಂಡರ್ ಬೆಲೆ ಕಳೆದು ಚೌಕಾಸಿ ಮಾಡಿ.

ನಾಲ್ಕು, ಹತ್ರದಲ್ಲಿ ಗಾಳಿ ತುಂಬಿಸೋಕೆ, ಸೀಲ್ ಬದಲಿಸೋಕೆ ಯಾರಿದ್ದಾರೆ? ಬೆಂಗಳೂರಿಗೆ ಕಳಿಸಿ ಎರಡು ತಿಂಗಳು ಕಾಯೋ ಹಾಗಿದ್ರೆ, ಎಷ್ಟೇ ದೊಡ್ಡ ಹೆಸರಿನ ರೈಫಲ್ ಆದ್ರೂ ಪೆಟ್ಟಿಗೆಯಲ್ಲೇ ಇರುತ್ತೆ.

ಐದು, ಹೊಡೆದು ನೋಡಿ. ರೈಫಲನ್ನ ಆಧಾರದ ಮೇಲಿಟ್ಟು ಒಂದೇ ಡಬ್ಬದ ಪೆಲೆಟ್‌ನಲ್ಲಿ ಐದು ಹೊಡೆತ. ಹೆಚ್ಚುಕಮ್ಮಿ ಒಂದೇ ತೂತು ಆಗ್ಬೇಕು. ಮಾರೋರು ಬೇಡ ಅಂದ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ನಿಜವಾದ ಖರ್ಚು ಎಲ್ಲಿದೆ

ನಾವು ರೈಫಲ್ ಬೆಲೆ ಮಾತ್ರ ನೋಡ್ತೀವಿ. ಮೈ ಅಳತೆಗೆ ಹೊಲಿಸಿದ ಜಾಕೆಟ್, ಪ್ಯಾಂಟ್, ಶೂ, ಗ್ಲೌಸ್ ಬೇಕು. ರೇಂಜ್ ಫೀಸ್ ಬೇಕು. ಎಲ್ಲಕ್ಕಿಂತ ಪೆಲೆಟ್ ಬೇಕು. ದಿನಕ್ಕೆ ನೂರು, ವಾರಕ್ಕೆ ಐದು ದಿನ ಅಂದ್ರೆ ತಿಂಗಳಿಗೆ 2,000. ಡಬ್ಬದಲ್ಲಿ 500 ಇರುತ್ತೆ, ಹಾಗಾಗಿ ನಾಲ್ಕು ಡಬ್ಬ. ನನಗೆ ಡಬ್ಬ 1,200ಕ್ಕೆ ಬೀಳುತ್ತೆ. ತಿಂಗಳಿಗೆ 4,800.

ಈಗ ನನ್ನ 62,000 ನಷ್ಟ ತಗೊಳ್ಳಿ. 51 ಡಬ್ಬ. 25,000ಕ್ಕೂ ಹೆಚ್ಚು ಪೆಲೆಟ್. ಒಂದು ಪೂರ್ತಿ ವರ್ಷದ ಅಭ್ಯಾಸ. ನಾನು ಕಳ್ಕೊಂಡಿದ್ದು ದುಡ್ಡಲ್ಲ, ಆ ವರ್ಷ. ಅದಕ್ಕೇ ನನ್ನ ಲೆಕ್ಕದ ನಿಯಮ ಇಷ್ಟು: ರೈಫಲ್ ತಗೊಂಡ ಮೇಲೆ ಒಂದು ವರ್ಷದ ಪೆಲೆಟ್, ರೇಂಜ್ ಫೀಸ್ ಕೈಯಲ್ಲಿ ಉಳಿಯದಿದ್ರೆ ಆ ರೈಫಲ್ ನಿಮಗೆ ದುಬಾರಿ. ಒಂದು ಮೆಟ್ಟಿಲು ಕೆಳಗಿನದ್ದು ತಗೊಳ್ಳಿ, ಇಲ್ಲ ಕಾಯಿರಿ.

ಇನ್ನೊಂದು ಮಾತು. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಇದು ಆಟಿಕೆ ಅಲ್ಲ. ತಾರಸಿ ಮೇಲೆ, ಹಕ್ಕಿ ಮೇಲೆ, ರೀಲ್ಸ್‌ಗೆ ಅಂತ ಹಿಡೀಬೇಡಿ. ನಳಿಕೆ ಯಾವಾಗ್ಲೂ ಟಾರ್ಗೆಟ್ ಕಡೆ. ಬಿಲ್ಲು ಜೋಪಾನ. ಸ್ಪರ್ಧೆಗೆ ಹೆಸರು ಕೊಡೋ ಮೊದಲು ಆ ಕೂಟದ ರೂಲ್ ಬುಕ್ ಓದಿ.

ಹಾವೇರಿ ಹುಡುಗನಿಗೆ ನಾನು ಕೊಟ್ಟ ಉತ್ತರ

"ತಮ್ಮಾ, ಬಂಗಾರ ಮನೆಯಲ್ಲೇ ಇರಲಿ. ಹತ್ರದ ರೇಂಜ್ ಹುಡುಕು. ಮೂರು ತಿಂಗಳು ಅಲ್ಲಿನ ರೈಫಲಲ್ಲಿ ಹೊಡಿ. ಪ್ರತಿ ದಿನದ ಸ್ಕೋರ್ ಒಂದು ನೋಟ್‌ಬುಕ್ಕಲ್ಲಿ ಬರಿ. ಮನೇಲಿ ಬರಿಗೈಯಲ್ಲಿ ದಿನಾ ಇಪ್ಪತ್ತು ನಿಮಿಷ ನಿಲ್ಲೋದು, ಉಸಿರು ಹಿಡಿಯೋದು ಮಾಡು. ಮೂರು ತಿಂಗಳಾದ ಮೇಲೂ ಬೆಳಿಗ್ಗೆ ಐದಕ್ಕೆ ಎದ್ದು ಹೋಗ್ಬೇಕು ಅನ್ನಿಸಿದ್ರೆ ಆ ನೋಟ್‌ಬುಕ್ ತಗೊಂಡು ನಂಗೆ ಫೋನ್ ಮಾಡು. ಇಬ್ರೂ ಹೋಗಿ ನೋಡೋಣ. ಅಪ್ಪಾರಿಗೂ ಇದೇ ಮಾತು ಕೇಳಿಸು."

ಎರಡು ದಿನ ಉತ್ತರ ಬರಲಿಲ್ಲ. ಬೇಜಾರಾದ ಅಂದ್ಕೊಂಡೆ. ಹೋದ ಭಾನುವಾರ ಒಂದು ಫೋಟೋ ಬಂತು. ಪೇಪರ್ ಟಾರ್ಗೆಟ್. ಹತ್ತು ತೂತು, ಹತ್ತೂ ಒಂದೊಂದು ದಿಕ್ಕಿಗೆ. ಎರಡು ಕರಿ ವೃತ್ತದ ಹೊರಗೇ ಇದ್ವು. ಕೆಳಗೆ ಬರೆದಿದ್ದ: "ರೇಂಜಿನ ರೈಫಲ್ರಿ ಅಣ್ಣಾರ. ಭಾಳ ಖರಾಬ್ ಆಗೇತೇನ್ರಿ?"

ನನ್ನ ಹಳೇ ಫೈಲಿಂದ ನನ್ನ ಮೊದಲ ದಿನದ ಟಾರ್ಗೆಟ್ ತೆಗೆದು ಫೋಟೋ ಕಳಿಸಿದೆ. ನನ್ನದರಲ್ಲಿ ಹೊರಗಿದ್ದಿದ್ದು ನಾಲ್ಕು.

ಇವತ್ತಿಗೆ ಇಷ್ಟೇ. ನಿಮ್ಮ ಪ್ರಶ್ನೆ ಏನೇ ಇದ್ರೂ ವಾಯ್ಸ್ ನೋಟ್ ಕಳಿಸಿ. ಮನೆಯವರ ದುಡ್ಡಲ್ಲಿ ಏನಾದ್ರೂ ತಗೊಳ್ಳೋ ಯೋಚನೆ ಇದ್ರೆ, ಏನಕ್ಕೆ ಅಂತ ನಿಜ ಹೇಳಿ ಕೇಳಿ. ಮುಂದಿನ ವಾರ ಸಿಗೋಣ.