ಕೆಡ್ಡಸದ ಮೂರು ದಿನ, ತಿಂಗಳ ಮೂರು ದಿನ

(ಹಾಲು ಉತ್ಪಾದಕರ ಸಹಕಾರಿ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಜರಗಿದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಗದ್ದೆ ತೋಟಕ್ಕೆ ಇಳಿದವನು. ಪಶು ಆಹಾರದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಅಧ್ಯಕ್ಷರು ಹೇಳಿದ್ದರು. ಅವರ ಒಪ್ಪಿಗೆ ಪಡೆದೇ ವಿಷಯ ಬದಲಿಸಿದ್ದೇನೆ. ನಾನು ಹೇಳಲಿಕ್ಕಿರುವುದು ಹೆಂಗಸರ ಮುಟ್ಟಿನ ವಿಷಯ. ಗಂಡಸರು ಮೈಕಿನಲ್ಲಿ ಹೇಳುವ ಮಾತು ಇದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕಟ್ಟುಪಾಡು ಪಾಲಿಸಿ ಎಂದು ಮನೆಯಲ್ಲಿ ಗದರಿಸುವಾಗ ನಾವು ಬಾಯಿ ಮುಚ್ಚಿ ಕುಳಿತಿರಲಿಲ್ಲ. ಹಾಗಿರುವಾಗ ಬಿಡಿಸುವ ಮಾತನ್ನೂ ನಾವೇ ಆಡಬೇಕಷ್ಟೆ.

ಬೆಳ್ಳಿಹಬ್ಬದ ವರದಿಗಾಗಿ ಹಳೆಯ ಲೆಕ್ಕ ಪುಸ್ತಕಗಳನ್ನು ತೆಗೆದಾಗ ನಮ್ಮ ಮನೆಯ ಪಾಸ್ ಪುಸ್ತಕವನ್ನೂ ನೋಡಿದೆ. ಬೆಳಿಗ್ಗೆ ಎಂಟು ಲೀಟರ್ ಹಾಕುತ್ತಿದ್ದ ನಾವು ಪ್ರತಿ ತಿಂಗಳು ಮೂರು ನಾಲ್ಕು ದಿನ ಐದಕ್ಕೆ, ಐದೂವರೆಗೆ ಇಳಿಯುತ್ತಿದ್ದೆವು. ಆಮೇಲೆ ಪುನಃ ಎಂಟು. ಹಸುವಿಗೆ ರೋಗವಿರಲಿಲ್ಲ, ಹಿಂಡಿಯೂ ಕಡಿಮೆಯಾಗಿರಲಿಲ್ಲ. ಆ ಮೂರು ದಿನ ನನ್ನ ಹೆಂಡತಿ "ಹೊರಗೆ". ಕೊಟ್ಟಿಗೆಗೆ ಬರುವ ಹಾಗಿಲ್ಲ. ಹಾಲು ಕರೆಯುವುದು ನಾನು. ದಿನಾ ಕರೆಯುವ ಕೈ ಬದಲಾದರೆ ಹಸು ಬೆದರುತ್ತದೆ, ಬೆದರಿದ ಹಸು ಹಾಲು ಇಳಿಸುವುದಿಲ್ಲ. ಇದು ನಿಮಗೆಲ್ಲ ಗೊತ್ತಿರುವ ಸಂಗತಿ. ಮೈಲಿಗೆ ಎಂದು ನಾವು ದೂರವಿಟ್ಟ ಕೈಯೇ ಸಂಘಕ್ಕೆ ಹಾಲು ತರುತ್ತಿದ್ದ ಕೈ.

ನಷ್ಟ ಅಷ್ಟಕ್ಕೇ ನಿಂತಿದ್ದರೆ ನಾನು ಇಲ್ಲಿ ಮಾತಾಡುತ್ತಿರಲಿಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ ನಮ್ಮ ಹಸು ಕರು ಹಾಕಲು ಕಷ್ಟಪಡುತ್ತಿತ್ತು. ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಆ ಮಳೆಯಲ್ಲಿ ಡಾಕ್ಟರು ಬರುವ ಹಾಗಿರಲಿಲ್ಲ. ಇಂಥ ಹೆರಿಗೆ ಮಾಡಿಸಿ ಅನುಭವವಿದ್ದವಳು ನನ್ನ ಹೆಂಡತಿ. ಅವಳು ಅಂಗಳದ ಆಚೆ, ಜಗಲಿಯ ಮೂಲೆಯಲ್ಲಿದ್ದಳು. "ಎಳೆಯಬೇಡಿ, ಇನ್ನೊಂದು ಕಾಲು ಒಳಗೆ ಮಡಚಿರಬೇಕು. ಮೊದಲು ಹಿಂದಕ್ಕೆ ದೂಡಿ" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಅವಳನ್ನು ಕರೆಯಲೇ ಎಂದು ಅಮ್ಮನ ಮುಖ ನೋಡಿದೆ. "ಗೋವಿನ ಹತ್ತಿರ ಬೇಡ" ಎಂದರು. ನಾನು ಎಳೆದೆ. ಕೊನೆಗೆ ಅವಳೇ ಯಾರ ಮಾತೂ ಕೇಳದೆ ಓಡಿ ಬಂದು ಕಾಲು ಸರಿಪಡಿಸಿದಳು. ಹಸು ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣು ಕರು.

ಅಮ್ಮ ಆಗ ಏನೂ ಹೇಳಲಿಲ್ಲ. ಮರುತಿಂಗಳು ಆ ದಿನ ಬಂದಾಗ ಹಾಲಿನ ಬಾಲ್ದಿಯನ್ನು ತೊಳೆದು ಜಗಲಿಯಲ್ಲಿ ಸೊಸೆಯ ಹತ್ತಿರ ತಂದಿಟ್ಟರು. ತಪ್ಪು ಅಮ್ಮನದೆಂದು ನಾನು ಹೇಳುವುದಿಲ್ಲ. ಅವರಿಗೆ ಅವರ ಅತ್ತೆ ಕಲಿಸಿದ್ದು ಅದು. ತಿಳಿದೂ ಸುಮ್ಮನಿದ್ದ ತಪ್ಪು ನನ್ನದು.

ಈಗ ಮೈಲಿಗೆ ಎಂದರೆ ಏನು ನೋಡುವ. ಗರ್ಭ ನಿಂತರೆ ಮಗುವಿಗೆ ಆಧಾರವಾಗಲಿ ಎಂದು ಗರ್ಭಕೋಶದ ಒಳಗೆ ಪ್ರತಿ ತಿಂಗಳು ಒಂದು ಮೆತ್ತನೆಯ ಪದರ ಬೆಳೆಯುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ರಕ್ತದೊಂದಿಗೆ ಹೊರಗೆ ಹೋಗುತ್ತದೆ. ಅದು ವಿಷವಲ್ಲ, ಪಾಪದ ಫಲವೂ ಅಲ್ಲ. ತಾಯಂದಿರು ತಪ್ಪು ತಿಳಿಯಬಾರದು, ಹೈನುಗಾರನಾಗಿ ಒಂದು ಮಾತು ಹೇಳುತ್ತೇನೆ. ಬೆದೆಗೆ ಬಂದ ಹಸುವಿನಲ್ಲಿ ಒಂದೆರಡು ದಿನ ಬಿಟ್ಟು ಸ್ವಲ್ಪ ರಕ್ತ ಕಾಣುವುದುಂಟು. ಅದೂ ಮುಟ್ಟೂ ಒಂದೇ ಅಲ್ಲ. ಆದರೆ ಆ ರಕ್ತ ಕಂಡರೆ ನಾವು ಹಸುವನ್ನು ಕೊಟ್ಟಿಗೆಯಿಂದ ಹೊರಗೆ ಕಟ್ಟುತ್ತೇವೆಯೇ? ದಿನ ಗುರುತು ಹಾಕಿ, ಮುಂದಿನ ಬೆದೆಗೆ ಲೆಕ್ಕ ಇಡುತ್ತೇವೆ. ಹಸುವಿನ ವಿಷಯದಲ್ಲಿ ಇರುವ ಬುದ್ಧಿ ಮನೆಯ ಹೆಂಗಸರ ವಿಷಯದಲ್ಲಿ ಎಲ್ಲಿ ಹೋಯಿತು?

ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಹಾಳಾಗುತ್ತದೆ, ಮಲ್ಲಿಗೆ ಗಿಡ ಬಾಡುತ್ತದೆ, ವೀಳ್ಯದ ಬಳ್ಳಿ ಸಾಯುತ್ತದೆ ಎನ್ನುತ್ತಾರೆ. ಉಪ್ಪಿನಕಾಯಿ ಹಾಳಾಗುವುದು ಒದ್ದೆ ಚಮಚದಿಂದ. ಮಲ್ಲಿಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹಾಲು ಒಡೆಯುವುದು ಸರಿಯಾಗಿ ತೊಳೆಯದ ಕ್ಯಾನಿನಿಂದ, ತಡ ಮಾಡಿದ್ದರಿಂದ. ನಮ್ಮ ಸಂಘದಲ್ಲಿ ಇಷ್ಟು ವರ್ಷ ಹಾಲಿನ ಪರೀಕ್ಷೆ ಮಾಡಿದ್ದೇವೆ. ಯಂತ್ರ ಫ್ಯಾಟ್ ಎಷ್ಟೆಂದು ಹೇಳಿದೆ, ನೀರು ಬೆರೆತದ್ದನ್ನು ಹೇಳಿದೆ. ಕರೆದವರು ಹೊರಗೋ ಒಳಗೋ ಎಂದು ಒಂದು ದಿನವೂ ಹೇಳಿದ್ದಿಲ್ಲ!

ಇದೆಲ್ಲ ಹಿರಿಯರು ಮಾಡಿದ ಧರ್ಮ ಎನ್ನುವವರಿಗೆ ನಮ್ಮ ತುಳುನಾಡಿನ ಕೆಡ್ಡಸವನ್ನೇ ನೆನಪು ಮಾಡುತ್ತೇನೆ. ಪೊನ್ನಿ ತಿಂಗಳ ಕೊನೆಯಲ್ಲಿ, ಎಂದರೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ನಂಬಿದವರು ನಾವು. ಆ ಮೂರು ದಿನ ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಮರ ಕಡಿಯುವುದಿಲ್ಲ. ಕುಡುಅರಿ ಹುರಿದು ಬೆಲ್ಲ ತೆಂಗಿನಕಾಯಿ ಸೇರಿಸಿ ತಿನ್ನುತ್ತೇವೆ. ಕೊನೆಗೆ ತುಳಸಿಕಟ್ಟೆಯ ಹತ್ತಿರ ಸೆಗಣಿ ಸಾರಿಸಿ ಭೂಮಿಗೆ ಎಣ್ಣೆ ಎರೆದು, ಅರಸಿನ ಕುಂಕುಮ ಇಡುತ್ತೇವೆ. ಅಸ್ಸಾಮಿನ ಕಾಮಾಖ್ಯದಲ್ಲಿಯೂ ದೇವಿ ಮುಟ್ಟಾಗುತ್ತಾಳೆಂದು ಮೂರು ದಿನ ಬಾಗಿಲು ಹಾಕಿ, ಆಮೇಲೆ ಬಾಗಿಲು ತೆರೆದಾಗ ಕೆಂಪು ಬಟ್ಟೆಯನ್ನು ಪ್ರಸಾದವೆಂದು ಭಕ್ತರು ಕಣ್ಣಿಗೊತ್ತಿಕೊಳ್ಳುತ್ತಾರೆ. ಭೂಮಿಗಾದರೆ ಅದು ವಿಶ್ರಾಂತಿ, ದೇವಿಗಾದರೆ ಪ್ರಸಾದ, ಮನೆಯ ಮಗಳಿಗಾದರೆ ಮಾತ್ರ ಮೈಲಿಗೆ. ಇದು ಯಾವ ನ್ಯಾಯ?

ಹಿರಿಯರು ಕೊಟ್ಟದ್ದರಲ್ಲಿ ಎರಡು ಸೇರಿಕೊಂಡಿದೆ: ವಿಶ್ರಾಂತಿ ಮತ್ತು ದೂರ. ವಿಶ್ರಾಂತಿಯನ್ನು ಇಟ್ಟುಕೊಳ್ಳುವ, ದೂರವನ್ನು ಬಿಡುವ. ನಾನು ಹೇಳುವ ಮಾತು ಇಷ್ಟೇ. ನಾವು ಮಾಡಿದ್ದು ಉಲ್ಟಾ. ಒಳಗೆ ಬರಬೇಡ ಎನ್ನುತ್ತೇವೆ, ಆದರೆ ಹುಲ್ಲು ತರಲು, ಸೊಪ್ಪು ಹೊರಲು, ರಾಶಿ ಬಟ್ಟೆ ಒಗೆಯಲು ಅದೇ ದಿನ ಕಳಿಸುತ್ತೇವೆ. 2025ರಲ್ಲಿ ನಮ್ಮ ರಾಜ್ಯ ಸರಕಾರ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ ಕೊಡುವ ತೀರ್ಮಾನ ಮಾಡಿತು. ಹೊಲ ಮನೆಯಲ್ಲಿ ದುಡಿಯುವವಳಿಗೆ ರಜೆ ಕೊಡುವವರು ಯಾರು? ನಾವೇ ಕೊಡಬೇಕು. ನೋವಿದ್ದರೆ ಮಲಗಲಿ, ಇಲ್ಲದಿದ್ದರೆ ಇಷ್ಟದ ಕೆಲಸ ಮಾಡಲಿ.

ಈ ದೂರ ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನು 2023ರ ಜುಲೈಯಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಕಂಡೆವು. ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟರು. ಮಗು ತೀರಿಹೋಯಿತು. ಆ ಜನರನ್ನು ಬೈದು ನಾವು ಒಳ್ಳೆಯವರಾಗುವುದು ಬೇಡ. ಅಲ್ಲಿ ಗುಡಿಸಲು, ನಮ್ಮಲ್ಲಿ ಜಗಲಿ. ವ್ಯತ್ಯಾಸ ಕೆಲವು ಮಾರು ಮಾತ್ರ. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲಾತ್ಕಾರದಿಂದ ಹೊರಗಿಡುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿಗಿಂತ ಹಿಂದೆ, 12ನೇ ಶತಮಾನದಲ್ಲೇ ಬಸವಾದಿ ಶರಣರು ಪಂಚಸೂತಕ ಬೇಡವೆಂದರು. ಆ ಐದರಲ್ಲಿ ರಜಸ್ಸಿನ ಸೂತಕವೂ ಒಂದು. ಮೈಲಿಗೆಯನ್ನು ಪ್ರಶ್ನಿಸಿದವರು ನಮ್ಮ ಹಿರಿಯರಲ್ಲಿಯೂ ಇದ್ದರು.

ಮುಚ್ಚುಮರೆಯಿಂದ ಆರೋಗ್ಯವೂ ಕೆಡುತ್ತದೆ. ಮುಟ್ಟಿನ ಬಟ್ಟೆಯನ್ನು ಕತ್ತಲೆ ಮೂಲೆಯಲ್ಲಿ ಒಣಗಿಸಬಾರದು. ಸಾಬೂನು ಹಾಕಿ ಒಗೆದು ಬಿಸಿಲಿಗೆ ಹಾಕಬೇಕು. ನಾಲ್ಕೈದು ಗಂಟೆಗೊಮ್ಮೆ ಬದಲಿಸಬೇಕು. ಜನೌಷಧಿ ಕೇಂದ್ರಗಳಲ್ಲಿ 2019ರಿಂದ ಒಂದು ರೂಪಾಯಿಗೆ ಒಂದು ಪ್ಯಾಡ್ ಸಿಗುತ್ತಿದೆ. ಅಂಗಡಿಗೆ ಹೋದ ಗಂಡಸರು ತಂದುಕೊಡಲು ನಾಚಬೇಡಿ. ಏಳು ದಿನ ದಾಟಿ ರಕ್ತ ಹೋಗುತ್ತಿದ್ದರೆ, ಗಂಟೆ ಗಂಟೆಗೆ ಬಟ್ಟೆ ತೋಯುತ್ತಿದ್ದರೆ, ತಲೆ ತಿರುಗಿದರೆ, "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎನ್ನದೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ.

ಕೊನೆಯದಾಗಿ ಸಂಘದ ವಿಷಯ. ಹಾಲು ಅಳೆಯುವ ಕೋಣೆಯಲ್ಲಿ ದೇವರ ಪಟ ಇದೆ, ದೀಪ ಇದೆ. ಅದಕ್ಕಾಗಿ ಕೆಲವು ತಾಯಂದಿರು ಆ ದಿನಗಳಲ್ಲಿ ಮೆಟ್ಟಿಲ ಕೆಳಗೇ ನಿಂತು ಮಕ್ಕಳ ಕೈಯಲ್ಲಿ ಕ್ಯಾನ್ ಕೊಡುತ್ತಾರೆ. ಮಳೆಯಲ್ಲೂ ಅಲ್ಲೇ ನಿಲ್ಲುತ್ತಾರೆ. ಬೆಳ್ಳಿಹಬ್ಬದ ನಂತರ ನಮ್ಮ ಮೆಟ್ಟಿಲ ಕೆಳಗೆ ಯಾರೂ ನಿಲ್ಲಬಾರದು. ಒಳಗೆ ಬನ್ನಿ, ನಿಮ್ಮ ಹಾಲನ್ನು ನೀವೇ ಅಳೆಸಿ, ಚೀಟಿ ಪಡೆಯಿರಿ. ಸಂಘದ ಕಟ್ಟಡದ ಹಿಂದೆ ನೀರಿನ ವ್ಯವಸ್ಥೆ ಇರುವ, ಮುಚ್ಚಳದ ಕಸದ ಬುಟ್ಟಿ ಇರುವ ಒಂದು ಮಹಿಳಾ ಶೌಚಾಲಯ ಆಗಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಾನು ಠರಾವು ಮಂಡಿಸುತ್ತೇನೆ. ಉಳಿದ ನಿರ್ದೇಶಕರು ಬೆಂಬಲಿಸಬೇಕೆಂದು ಈ ಸಭೆಯ ಎದುರೇ ಕೇಳಿಕೊಳ್ಳುತ್ತೇನೆ.

ದೇವಸ್ಥಾನಕ್ಕೆ, ದೈವದ ಚಾವಡಿಗೆ ಹೋಗುವುದೋ ಬಿಡುವುದೋ ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಅದನ್ನು ತೀರ್ಮಾನಿಸುವವಳು ಅವಳೇ ಆಗಿರಲಿ. ನಮ್ಮ ಮನೆಯ ಬಾಗಿಲು, ಕೊಟ್ಟಿಗೆಯ ಬಾಗಿಲು, ಸಂಘದ ಬಾಗಿಲು ನಮ್ಮ ಕೈಯಲ್ಲಿದೆ. ಮೊದಲು ಅಷ್ಟನ್ನು ತೆರೆಯುವ.

ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.