ಚಕ್ರವರ್ತಿಯ ಮನೆ ಹೊಕ್ಕ ಊರು

ಕ್ರೊಯೇಷಿಯಾದ ಸ್ಪ್ಲಿಟ್‌ಗೆ ಬಂದಿಳಿದ ಪ್ರವಾಸಿಗರು ಡಯೊಕ್ಲೀಷಿಯನ್ನನ ಅರಮನೆ ಎಲ್ಲಿದೆ ಎಂದು ವಿಚಾರಿಸುತ್ತಾರೆ. ಎಷ್ಟೋ ಸಲ ಹಾಗೆ ವಿಚಾರಿಸುವಾಗ ಅವರು ನಿಂತಿರುವುದು ಅರಮನೆಯ ಒಳಗೇ. ಮೆಡಿಟರೇನಿಯನ್ನಿನ ಕವಲಾದ ಏಡ್ರಿಯಾಟಿಕ್ ಕಡಲಿನ ದಂಡೆಯ ಈ ಊರಿನಲ್ಲಿ ಅರಮನೆಯೇ ಹಳೇಪೇಟೆ. ರೋಮನ್ ಗೋಡೆಗೆ ಆತುಕೊಂಡು ಮನೆಗಳಿವೆ, ಕಮಾನುಗಳ ನಡುವೆ ಕಿಟಕಿ ಕೊರೆದಿದ್ದಾರೆ, ಮೇಲೆ ಬಟ್ಟೆ ಒಣಗುತ್ತಿದ್ದರೆ ಕೆಳಗೆ ಕಾಫಿ ಅಂಗಡಿ. ಈ ಸಂಜೆ ನಾನು ಮಾತಾಡಲು ಬಂದಿರುವುದು ಈ ಗಲಿಬಿಲಿಯ ಪರವಾಗಿ.

ಮೊದಲು ಕಟ್ಟಿಸಿದವನ ವಿಷಯ. ಡಯೊಕ್ಲೀಷಿಯನ್ ಆ ಸೀಮೆಯವನೇ, ಸಾಮಾನ್ಯ ಮನೆತನದವನು; ಸೈನ್ಯದಲ್ಲಿ ಮೇಲೇರಿ 284ರಲ್ಲಿ ಚಕ್ರವರ್ತಿಯಾದ. ಅಧಿಕಾರವನ್ನು ನಾಲ್ವರ ನಡುವೆ ಹಂಚಿದ. ಗೋಧಿಯಿಂದ ಹಿಡಿದು ಕ್ಷೌರದ ಕೂಲಿಯವರೆಗೆ ಗರಿಷ್ಠ ಬೆಲೆ ಗೊತ್ತುಮಾಡಿ 301ರಲ್ಲಿ ಶಾಸನ ಹೊರಡಿಸಿದ; ಅದು ನಡೆಯಲಿಲ್ಲ. 305ರ ಮೇ 1ರಂದು ತಾನಾಗಿಯೇ ಪಟ್ಟ ಬಿಟ್ಟು ಈ ಕಡಲತೀರಕ್ಕೆ ಬಂದ. ಮರಳಿ ಅಧಿಕಾರ ವಹಿಸಿಕೊಳ್ಳಿ ಎಂದವರಿಗೆ, ತನ್ನ ತರಕಾರಿ ತೋಟ ಬಿಟ್ಟು ಬರುವುದಿಲ್ಲ ಎಂದನೆಂದು ಕತೆ. ನನಗೆ ಈ ಸರಳತೆಯಲ್ಲಿ ಅಷ್ಟು ನಂಬಿಕೆಯಿಲ್ಲ. ತೋಟಗಾರನ ಮನೆ ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲ. ಸುತ್ತ ಕೋಟೆಗೋಡೆ, ನಾಲ್ಕು ಹೆಬ್ಬಾಗಿಲು, ಈಜಿಪ್ಟಿನಿಂದ ತರಿಸಿದ ಸ್ಫಿಂಕ್ಸ್‌ಗಳು! ಅವುಗಳಲ್ಲಿ ಕರಿಕಲ್ಲಿನದೊಂದು ನಡುಅಂಗಳದಲ್ಲಿ ಇನ್ನೂ ಕೂತಿದೆ. ಅವನು ಬರುವಾಗಲೇ ಅದಕ್ಕೆ ಸಾವಿರದ ಏಳುನೂರು ವರ್ಷ ದಾಟಿತ್ತು.

ಅಂಗಳದ ಒಂದು ಪಕ್ಕಕ್ಕೆ ತನ್ನ ಸಮಾಧಿಗೆಂದು ಎಂಟು ಮೂಲೆಯ ಕಟ್ಟಡ ಕಟ್ಟಿಸಿದ್ದ. ಕ್ರೈಸ್ತರನ್ನು ಅವನು ಹಿಂಸಿಸಿದ ಕಾಲದಲ್ಲಿ, 304ರಲ್ಲಿ, ಹತ್ತಿರದ ಸಲೋನಾ ಪಟ್ಟಣದ ಬಿಷಪ್ ಡೊಮ್ನಿಯಸ್‌ನನ್ನು ಕೊಂದರು. ಇಂದು ಆ ಸಮಾಧಿಯೇ ಡೊಮ್ನಿಯಸ್ ಹೆಸರಿನ ಕಥೀಡ್ರಲ್. ಚಕ್ರವರ್ತಿಯ ಶವಪೆಟ್ಟಿಗೆ ಎಲ್ಲೋ ಕಳೆದುಹೋಯಿತು. ಬಿಷಪ್ಪನಿಗೆ ಪ್ರತಿ ಮೇ 7ಕ್ಕೆ ಊರೆಲ್ಲ ಸೇರಿ ಜಾತ್ರೆ ಮಾಡುತ್ತದೆ.

ಈ ಅದಲುಬದಲು ಆಗಿದ್ದು ನಿರಾಶ್ರಿತರಿಂದ. ಏಳನೆಯ ಶತಮಾನದಲ್ಲಿ ಅವಾರರೂ ಸ್ಲಾವರೂ ಸಲೋನಾವನ್ನು ಹಾಳುಗೆಡವಿದಾಗ ಅಲ್ಲಿನ ಜನ ಈ ಗೋಡೆಗಳೊಳಗೆ ನುಗ್ಗಿ ನೆಲೆಸಿದರು. ಮೊಗಸಾಲೆಗಳಲ್ಲಿ ಒಲೆ ಹೂಡಿದರು, ಕಂಬಗಳ ನಡುವೆ ಗೋಡೆ ಎಬ್ಬಿಸಿದರು, ಜುಪಿಟರ್ ಗುಡಿಯನ್ನು ಮಕ್ಕಳ ದೀಕ್ಷಾಸ್ನಾನದ ಮಂದಿರವಾಗಿಸಿಕೊಂಡರು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ನೆಲಮಾಳಿಗೆ. ನೆಲ ಸಮುದ್ರದ ಕಡೆಗೆ ಇಳಿಜಾರಾದ್ದರಿಂದ, ಮೇಲಿನ ಅಂತಃಪುರವನ್ನು ಸಮಮಟ್ಟಕ್ಕೆ ತರಲು ಕೆಳಗೆ ಕಮಾನಿನ ಕೋಣೆಗಳ ಸಾಲನ್ನೇ ಕಟ್ಟಿದ್ದರು. ಮೇಲೆ ವಾಸಕ್ಕೆ ಬಂದವರು ನೆಲಕ್ಕೆ ತೂತು ಕೊರೆದು ಶತಮಾನಗಟ್ಟಲೆ ಕಸಕಡ್ಡಿ, ಕೊಳೆನೀರನ್ನೆಲ್ಲ ಆ ಕೋಣೆಗಳಿಗೆ ಸುರಿದರು. ಕೋಣೆಗಳು ಕಂಠಮಟ್ಟ ತುಂಬಿಹೋದವು. ತುಂಬಿದ ಕೋಣೆಯಲ್ಲಿ ಯಾರೂ ಗೋಡೆ ಒಡೆಯಲಾರರು, ಕಲ್ಲು ಕೀಳಲಾರರು. ಇಪ್ಪತ್ತನೆಯ ಶತಮಾನದ ನಡುವೆ ಕಸ ತೆಗೆಯುತ್ತ ಹೋದಂತೆ ರೋಮನ್ ಕೋಣೆಗಳು ಸುಮಾರಾಗಿ ಇದ್ದಂತೆಯೇ ಸಿಕ್ಕವು. ಮೇಲಿನ ಅಂತಃಪುರ ಬಹುಪಾಲು ಅಳಿದಿದೆ. ಆದರೆ ಕೆಳಗಿನ ಕೋಣೆಗಳು ಮೇಲಿನವುಗಳ ಪಡಿಯಚ್ಚು. ಭೋಜನಶಾಲೆ ಎಲ್ಲಿತ್ತು, ಸಭಾಂಗಣ ಎಷ್ಟಿತ್ತು ಎಂದು ವಿದ್ವಾಂಸರು ಹೇಳುವುದು ಈ ಕಸದ ದಯೆಯಿಂದ. ಈಚೆಗೆ ಇಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಚಿತ್ರೀಕರಣವೂ ಆಯಿತು. ಡ್ರ್ಯಾಗನ್‌ಗಳನ್ನು ಕಟ್ಟಿಹಾಕಿದ್ದು ಇಲ್ಲೇ ಎಂದು ಹುಡುಗರು ಫೋಟೋ ತೆಗೆಸಿಕೊಳ್ಳುತ್ತಾರೆ.

1757ರಲ್ಲಿ ಬಂದ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಕೆಲವೇ ವಾರಗಳಲ್ಲಿ ಇಡೀ ಅರಮನೆಯನ್ನು ಅಳೆಸಿ, 1764ರಲ್ಲಿ ಭಾರಿ ಚಿತ್ರಗ್ರಂಥ ಹೊರತಂದ. ಆಗ ಊರನ್ನು ಆಳುತ್ತಿದ್ದ ವೆನಿಸ್‌ನವರು ಇವನು ಕೋಟೆಯ ಗೂಢಚಾರನೆಂದು ಶಂಕಿಸಿದ್ದರು. ಅವನ ಮನಸ್ಸೆಲ್ಲ ಮೂಲ ನಕ್ಷೆಯ ಮೇಲೆ; ಮನೆಗಳು ಅವನಿಗೆ ಅಡ್ಡಿ. ಅವನ ಜಾಣತನಕ್ಕೆ ನಮಸ್ಕಾರ, ಆದರೆ ಆ ಮನೆಗಳಿಲ್ಲದಿದ್ದರೆ ಅಳೆಯಲು ಅವನಿಗೆ ಅಷ್ಟು ಗೋಡೆ ಎಲ್ಲಿ ಸಿಗುತ್ತಿತ್ತು?

1979ರಿಂದ ಹಳೇಪೇಟೆ ಯುನೆಸ್ಕೋ ಪಟ್ಟಿಯಲ್ಲಿದೆ. ಕಲ್ಲಿಗೆ ಈಗ ಹೆಚ್ಚಿನ ಭಯವಿಲ್ಲ, ಜನರಿಗಿದೆ. ಮನೆಗಳು ಒಂದೊಂದಾಗಿ ಪ್ರವಾಸಿಗರ ಬಾಡಿಗೆ ಕೋಣೆಗಳಾಗುತ್ತಿವೆ, ಹಳೆಯ ಕುಟುಂಬಗಳು ಗೋಡೆಯಾಚೆಗೆ ಹೋಗುತ್ತಿವೆ. ಅಂಥ ಬಾಡಿಗೆ ಕೋಣೆಯಲ್ಲೇ ಉಳಿದು ಬಂದವನು ನಾನು, ದೂರುವ ಹಕ್ಕು ನನಗೆ ಕಡಿಮೆ.

ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ ಮೊದಲು ಸಲೋನಾ ನೋಡಿ. ಊರ ಬಸ್ಸಿನಲ್ಲೇ ತಲುಪಬಹುದು. ಪ್ರಾಂತ್ಯದ ರಾಜಧಾನಿಯಾಗಿದ್ದ ಪಟ್ಟಣ ಅದು. ಜನ ಬಿಟ್ಟುಹೋದ ಮೇಲೆ ಮೊಣಕಾಲೆತ್ತರದ ಗೋಡೆ, ಹುಲ್ಲು, ಆಂಫಿಥಿಯೇಟರಿನ ತಳ ಮಾತ್ರ ಉಳಿದಿದೆ. ಅಲ್ಲಿಂದ ನೇರವಾಗಿ ಸ್ಪ್ಲಿಟ್‌ನ ನೆಲಮಾಳಿಗೆಗೆ ಬನ್ನಿ.